ಬಂಡಾಜೆ ಅರ್ಬಿ ಜಲಪಾತಕ್ಕೆ ಒಂದೇ ದಿನದಲ್ಲಿ ಹೋಗಿ ಬರುವುದು ಹೇಗೆ? ಬಲ್ಲಾಳರಾಯನ ದುರ್ಗದ ಕೋಟೆಯ ಕಡೆಯಿಂದ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಮುಳ್ಳಯ್ಯನಗಿರಿ ಹತ್ತುವಾಗ ಕಷ್ಟ ಮೊದಲು, ಸುಖ ಆಮೇಲೆ. ಬೆಳಿಗ್ಗೆ ಮೈಯಲ್ಲಿ ಕಸುವಿರುವಾಗ ಏರುತ್ತೀರಿ, ಸುಸ್ತಾದ ಮೇಲೆ ಇಳಿಯುತ್ತೀರಿ. ಜಲಪಾತದ ದಾರಿ ಇದರ ಉಲ್ಟಾ. ನೀರು ಯಾವತ್ತಿದ್ದರೂ ತಗ್ಗು ಹುಡುಕಿಕೊಂಡು ಹೋಗುವಂಥದ್ದು. ಅದರ ಹಿಂದೆ ನಾವೂ ಹಾಡು ಹೇಳಿಕೊಂಡು, ಫೋಟೊ ತೆಗೆದುಕೊಂಡು ಇಳಿಯುತ್ತೇವೆ. ಮಧ್ಯಾಹ್ನದ ಬಿಸಿಲಲ್ಲಿ, ಬುತ್ತಿ ಉಂಡ ಹೊಟ್ಟೆಯಲ್ಲಿ, ಒದ್ದೆ ಕಾಲುಚೀಲದಲ್ಲಿ ಅಷ್ಟನ್ನೂ ವಾಪಸ್ ಹತ್ತಬೇಕು ಅನ್ನುವುದು ಆಗ ನೆನಪಿಗೇ ಬರುವುದಿಲ್ಲ.

ಬಲ್ಲಾಳರಾಯನ ದುರ್ಗದಿಂದ ಬಂಡಾಜೆ ಅರ್ಬಿಗೆ ಮೊದಲ ಸಲ ಹೋದಾಗ ನಾನು ಮಾಡಿದ ತಪ್ಪೂ ಇದೇ. ಐದು ಜನ ಇದ್ದೆವು. ಕೆಳಗಿನಿಂದ ಹೊರಟಿದ್ದು ಒಂಬತ್ತೂವರೆಗೆ. ನೀರಿನ ಹತ್ತಿರದಿಂದ ಎದ್ದಿದ್ದು ಮೂರು ಗಂಟೆಗೆ. ಕೋಟೆಯ ಗೋಡೆ ಕಾಣುವ ಹೊತ್ತಿಗೆ ಪೂರ್ತಿ ಕತ್ತಲೆ. ಐದು ಜನಕ್ಕೆ ಇದ್ದದ್ದು ಎರಡು ಫೋನಿನ ಬೆಳಕು, ಅದರಲ್ಲಿ ಒಂದಕ್ಕೆ ಒಂಬತ್ತು ಪರ್ಸೆಂಟ್ ಚಾರ್ಜ್. ಒಬ್ಬನ ಮಂಡಿ ಹಿಡಿದುಕೊಂಡಿತ್ತು. ಕೊನೆಗೆ ಕೆಳಗಿನ ತೋಟದ ಕೆಲಸಗಾರರ ಲೈನ್ ಮನೆಯವರೊಬ್ಬರು ಬೆಳಕು ಅಲ್ಲಾಡುವುದನ್ನು ಕಂಡು ಹತ್ತಿ ಬಂದರು. ಅವರು ಕೇಳಿದ್ದು ಒಂದೇ ಮಾತು: "ಬ್ಯಾಟರಿ ಇಲ್ದೆ ಬೆಟ್ಟಕ್ಕೆ ಬರ್ತಾರಾ?"

ಆಮೇಲೆ ಇದೇ ದಾರಿಯಲ್ಲಿ ಮತ್ತೆ ಹೋಗಿದ್ದೇನೆ, ನೆಟ್ಟಗೆ ಹಗಲಲ್ಲೇ ಬಂದಿದ್ದೇನೆ. ಆ ಮೊದಲ ದಿನ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಮೊದಲು: ಇದು ನಿಮಗೆ ಬೇಕಾದ ಜಲಪಾತವೇ?

ಚಿಕ್ಕಮಗಳೂರು ಜಿಲ್ಲೆಯಲ್ಲಿ ಜಲಪಾತಕ್ಕೆ ಬರ ಇಲ್ಲ. ಹೆಬ್ಬೆಗೆ ಕೆಮ್ಮಣ್ಣುಗುಂಡಿ ಕಡೆಯಿಂದ ಜೀಪು ಹೋಗುತ್ತದೆ. ಅತ್ತಿಗುಂಡಿಯ ಝರಿಗೂ ಜೀಪು. ಕಿಗ್ಗದ ಸಿರಿಮನೆಗೆ ಮೆಟ್ಟಿಲು ಇಳಿದರಾಯಿತು. ಕಲ್ಲತ್ತಿಗಿರಿಯಲ್ಲಿ ದೇವಸ್ಥಾನದ ಪಕ್ಕದಲ್ಲೇ ನೀರು. ಹಾಸನದ ಕಡೆ ಸಕಲೇಶಪುರದ ಮೂಕನಮನೆ ಅಬ್ಬಿಯೂ ಸಣ್ಣ ನಡಿಗೆಯದ್ದೇ. ಮನೆಯಲ್ಲಿ ವಯಸ್ಸಾದವರು, ಸಣ್ಣ ಮಕ್ಕಳು ಇದ್ದರೆ ಇವುಗಳಲ್ಲಿ ಯಾವುದಕ್ಕಾದರೂ ಹೋಗಿ. ಬಂಡಾಜೆ ಬೇಡ.

ಬಂಡಾಜೆಯ ದಾರಿ ಹೋಗಿ ಬರುವುದು 15 ಕಿಲೋಮೀಟರಿನ ಆಸುಪಾಸು. ಎಲ್ಲಿ ಗಾಡಿ ಬಿಡುತ್ತೀರಿ ಅನ್ನುವುದರ ಮೇಲೆ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಜಾಸ್ತಿ ಭಾಗ ನೆರಳಿಲ್ಲದ ಹುಲ್ಲುಗಾವಲು, ನಡುನಡುವೆ ಮಡಿಕೆಗಳಲ್ಲಿ ಒತ್ತಾಗಿ ಬೆಳೆದ ಶೋಲಾ ಕಾಡು. ದುರ್ಗ ಇರುವುದು ಮೂಡಿಗೆರೆ ಸೀಮೆಯಲ್ಲಿ, ಸುಮಾರು 1500 ಮೀಟರ್ ಎತ್ತರದಲ್ಲಿ. ಜಲಪಾತ ಬೀಳುವುದು ಘಟ್ಟದ ಆ ಕಡೆ, ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ. 'ಅರ್ಬಿ' ಅಂದರೆ ತುಳುವಿನಲ್ಲಿ ನಮ್ಮ 'ಅಬ್ಬಿ'ಯೇ. ಹೆಸರಲ್ಲೇ ಘಟ್ಟದ ಕೆಳಗಿನವರ ಕಣ್ಣು ಕಾಣುತ್ತದೆ.

ಇಲ್ಲಿ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ. ದುರ್ಗದ ಕಡೆಯಿಂದ ಹೋದರೆ ನಾವು ತಲುಪುವುದು ಜಲಪಾತದ ನೆತ್ತಿಗೆ. ಹಳ್ಳ ಹರಿದು ಬಂದು, ಬಂಡೆಯ ಅಂಚಿನಲ್ಲಿ ಮಾಯವಾಗುತ್ತದೆ. ಕೆಳಗೆ ಸುಮಾರು 200 ಅಡಿ ಬೀಳುವ ನೀರು ಮೇಲಿನಿಂದ ಪೂರ್ತಿ ಕಾಣುವುದಿಲ್ಲ. ಕಾಣುವುದು ಎದುರಿನ ಚಾರ್ಮಾಡಿ ಕಣಿವೆ, ದೂರದಲ್ಲಿ ಕರಾವಳಿಯ ಬಯಲು. ಅರ್ಬಿಯ ಬಿಳಿ ಗೆರೆ ಪೂರ್ತಿ ನೋಡಬೇಕಾದರೆ ಬೆಳ್ತಂಗಡಿ ಕಡೆಯ ಊರುಗಳಿಂದಲೇ ನೋಡಬೇಕು. ಗುಟ್ಟಾದ ಜಲಪಾತ ಅನ್ನುವ ಮಾತು ಇದಕ್ಕೆ ನಿಜವಾಗಿ ಒಪ್ಪುತ್ತದೆ. ಅದರ ತಲೆಯ ಮೇಲೆ ನಿಂತರೂ ಅದು ಕಾಣುವುದಿಲ್ಲ!

'ಗ್ರೀನ್ ರೂಟ್' ಅಂತ ಕರೆಯುವ ಸಕಲೇಶಪುರ, ಸುಬ್ರಹ್ಮಣ್ಯ ನಡುವಿನ ರೈಲ್ವೆ ಹಳಿ ಮೇಲೆ ನಡೆದು ಎಡಕುಮೇರಿ ಕಡೆಯ ಜಲಪಾತಗಳನ್ನು ನೋಡುವ ಆಸೆ ಕೆಲವರಿಗೆ ಇನ್ನೂ ಇದೆ. ಹಳಿ ಮೇಲೆ ನಡೆಯುವುದು ಅಪರಾಧ. ಸುರಂಗದೊಳಗೆ ಗೂಡ್ಸ್ ಗಾಡಿ ಬಂದರೆ ಓಡಲು ಜಾಗವೂ ಇಲ್ಲ. ಬಿಟ್ಟುಬಿಡಿ.

ತಿಂಗಳು ಆರಿಸುವುದು

ಜಲಪಾತ ಚೆನ್ನಾಗಿ ಕಾಣುವ ತಿಂಗಳಲ್ಲಿ ಅಲ್ಲಿಗೆ ನಡೆಯಲು ಆಗುವುದಿಲ್ಲ. ನಡೆಯಲು ಸುಖವಾದ ತಿಂಗಳಲ್ಲಿ ನೀರು ಇರುವುದಿಲ್ಲ. ಇವೆರಡರ ನಡುವಿನ ಸಣ್ಣ ಕಿಂಡಿಯನ್ನು ಹಿಡಿಯಬೇಕು.

ಜೂನ್‌ನಿಂದ ಆಗಸ್ಟ್‌ವರೆಗೆ ಈ ಏಣಿನ, ಅಂದರೆ ಬೆಟ್ಟಸಾಲಿನ ನೆತ್ತಿಯ, ಮೇಲೆ ಮಳೆ, ಗಾಳಿ, ಮಂಜು ಮೂರೂ ಒಟ್ಟಿಗೆ. ಹತ್ತು ಅಡಿ ಮುಂದೆ ನಿಂತವರು ಕಾಣುವುದಿಲ್ಲ. ಹುಲ್ಲುಗಾವಲಿನ ದಾರಿಯಲ್ಲಿ ದನ ತುಳಿದ ಕಾಲುದಾರಿಗಳು ಹತ್ತಾರು ಕಡೆ ಕವಲೊಡೆಯುತ್ತವೆ, ಮಂಜಿನಲ್ಲಿ ಎಲ್ಲವೂ ಒಂದೇ ಥರ. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆಯೇ ಬಂದ್ ಆಗಿದ್ದು, ಮೂಡಿಗೆರೆ ಕಡೆ ತೋಟಗಳೇ ಜಾರಿ ಹೋಗಿದ್ದು ನೆನಪಿರಬಹುದು. ಅಂಥ ಮಣ್ಣಿನ ಮೇಲೆ ನಾವು ನಡೆಯುವುದು. ಇನ್ನು ಫೆಬ್ರವರಿಯಿಂದ ಹುಲ್ಲು ಒಣಗಿ ಬೆಂಕಿಯ ಭಯ. ಆಗ ಅರಣ್ಯ ಇಲಾಖೆ ಸಾಮಾನ್ಯವಾಗಿ ಚಾರಣದ ದಾರಿಗಳನ್ನು ಮುಚ್ಚುತ್ತದೆ. ತೆರೆದಿದ್ದರೂ ಆಗ ಹಳ್ಳದಲ್ಲಿ ಉಳಿಯುವುದು ನೂಲಿನೆಳೆಯಷ್ಟು ನೀರು.

ನನ್ನ ಆಯ್ಕೆ ಅಕ್ಟೋಬರ್ ಕೊನೆಯ ವಾರದಿಂದ ಡಿಸೆಂಬರ್ ಮೊದಲ ವಾರದವರೆಗೆ. ಹುಲ್ಲು ಇನ್ನೂ ಹಸಿರಾಗಿರುತ್ತದೆ, ನೀರೂ ಇರುತ್ತದೆ. ಅರೇಬಿಕಾ ಕಾಫಿಯ ಕೊಯ್ಲು ಶುರುವಾಗುವ ಹೊತ್ತಾದ್ದರಿಂದ ತೋಟಗಳಲ್ಲಿ ಜನ ಓಡಾಡುತ್ತಿರುತ್ತಾರೆ. ದಾರಿ ಕೇಳಲು, ಆನೆ ಸುದ್ದಿ ಕೇಳಲು ಅವರಿಗಿಂತ ಒಳ್ಳೆಯವರಿಲ್ಲ. ಒಂದು ತೊಂದರೆ: ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುತ್ತದೆ. ಬೋಳು ಏಣಿನ ಮೇಲೆ ನೀವೇ ಎತ್ತರದ ವಸ್ತು. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತಿರದಲ್ಲೇ ಇದೆ. ತಕ್ಷಣ ಏಣಿನಿಂದ ಕೆಳಗಿಳಿಯಿರಿ. ಒಂಟಿ ಮರದ ಕೆಳಗೆ ಮಾತ್ರ ನಿಲ್ಲಬೇಡಿ.

ಹೊರಡುವ ಮೂರು ದಿನ ಮೊದಲಿನಿಂದ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಯೆಲ್ಲೋ ಅಲರ್ಟ್ ಅಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆ ಆಗಬಹುದು ಅಂತ. ಆರೆಂಜ್ ಅಂದರೆ ಅದಕ್ಕೂ ಮೇಲೆ 204.4ರವರೆಗೆ. ನಮ್ಮ ಗುಂಪಿನಲ್ಲಿ ಯೆಲ್ಲೋ ಬಂದರೇ ಪ್ರಯಾಣ ರದ್ದು, ಅದರ ಮೇಲೆ ಚರ್ಚೆ ಇಲ್ಲ. ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿಗೆ ಫೋನ್ ಮಾಡಿದರೆ ಊರಿನ ಮಟ್ಟದ ಮಳೆ ಮಾಹಿತಿ ಕನ್ನಡದಲ್ಲೇ ಸಿಗುತ್ತದೆ. ರೈತರಿಗೆ ಅಂತ ಮಾಡಿದ್ದು, ನಮಗೂ ಉಪಯೋಗ.

ಅನುಮತಿ

2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಅದಾದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಈಗ 'ಅರಣ್ಯ ವಿಹಾರ' ಜಾಲತಾಣದಲ್ಲಿ ದಿನ ಆರಿಸಿ, ಪ್ರತಿಯೊಬ್ಬರ ಗುರುತಿನ ಚೀಟಿಯ ವಿವರ ಕೊಟ್ಟು ಬುಕ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರುವುದರಿಂದ ಶನಿವಾರ, ಭಾನುವಾರದ ಜಾಗ ಬೇಗ ತುಂಬುತ್ತದೆ. ಆ ತಿಂಗಳು ನಿಮ್ಮ ದಾರಿ ತೆರೆದಿದೆಯಾ, ಯಾವ ಕಡೆಯಿಂದ ಬಿಡುತ್ತಿದ್ದಾರೆ ಅನ್ನುವುದನ್ನೂ ಅಲ್ಲೇ ನೋಡಿಕೊಳ್ಳಿ. ಬುಕಿಂಗ್ ಚೀಟಿಯ ಪ್ರಿಂಟ್ ತೆಗೆದುಕೊಂಡು ಹೋಗಿ, ಗೇಟಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ.

ದುರ್ಗದ ಮೇಲೆ ಟೆಂಟ್ ಹಾಕಿ ಮಲಗುವ ಯೋಚನೆ ಬೇಡ. "ನಾವು ಎಲ್ಲ ನೋಡ್ಕೋತೀವಿ, ಪರ್ಮಿಷನ್ ಬೇಕಾಗಿಲ್ಲ" ಅನ್ನುವ ಏಜೆಂಟರೂ ಬೇಡ. ಹಾಗೆ ಹೇಳಿದ ಒಬ್ಬರನ್ನು ನಂಬಿ ನನ್ನ ತಮ್ಮನ ಗುಂಪು ದುಡ್ಡು ಕೊಟ್ಟು, ಗೇಟಿನವರೆಗೆ ಹೋಗಿ, ನೀರುದೋಸೆ ತಿಂದು ವಾಪಸ್ ಬಂದಿದೆ.

ಗೈಡ್ ಬೇಕೇ? ಮೊದಲ ಸಲ ಹೋಗುವವರಿಗೆ ಬೇಕೇ ಬೇಕು. ಊರಿನವರೇ ಆದರೆ ಇನ್ನೂ ಒಳ್ಳೆಯದು. ಅವರು ದಾರಿ ತೋರಿಸುವುದು ದೊಡ್ಡದಲ್ಲ. "ಇವತ್ತು ಬೇಡ, ವಾಪಸ್ ಹೋಗೋಣ" ಅಂತ ಹೇಳುತ್ತಾರಲ್ಲ, ಅದಕ್ಕೆ ನೀವು ಕೊಡುವ ದುಡ್ಡು ಸಾರ್ಥಕ.

ಗಡಿಯಾರ: ಸಂಜೆಯಿಂದ ಹಿಂದಕ್ಕೆ ಎಣಿಸಿ

ಇಡೀ ಯೋಜನೆಯ ಜೀವ ಇರುವುದು ಇಲ್ಲಿ. ಎಲ್ಲರೂ "ಎಷ್ಟು ಹೊತ್ತಿಗೆ ಹೊರಡೋಣ?" ಅಂತ ಶುರು ಮಾಡುತ್ತಾರೆ. ನೀವು "ಎಷ್ಟು ಹೊತ್ತಿಗೆ ಕತ್ತಲಾಗುತ್ತದೆ?" ಅಂತ ಶುರು ಮಾಡಿ.

ನವೆಂಬರಿನಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು ಆರು ಗಂಟೆಯ ಆಸುಪಾಸು. ಶೋಲಾ ಕಾಡಿನೊಳಗೆ ಅದಕ್ಕೂ ಅರ್ಧ ಗಂಟೆ ಮೊದಲೇ ಕಾಲ ಕೆಳಗಿನ ಬೇರು ಕಾಣುವುದಿಲ್ಲ. ಹಾಗಾಗಿ ದಿನ ಮುಗಿಯುವುದು ಐದೂವರೆಗೆ ಅಂತಲೇ ಇಟ್ಟುಕೊಳ್ಳಿ.

ನಡಿಗೆಗೆ ಎಷ್ಟು ಹೊತ್ತು ಬೇಕು? ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಅನ್ನುವವರು 1892ರಲ್ಲಿ ಒಂದು ಸರಳ ಲೆಕ್ಕ ಕೊಟ್ಟಿದ್ದಾರೆ, ಇವತ್ತಿಗೂ ಬೆಟ್ಟ ಹತ್ತುವವರು ಅದನ್ನೇ ಬಳಸುತ್ತಾರೆ. ಪ್ರತಿ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿಗೆ ಹಾಕಿ ನೋಡೋಣ. 15 ಕಿಲೋಮೀಟರಿಗೆ ಮೂರು ಗಂಟೆ. ಹೋಗುವಾಗ ಕೋಟೆಗೆ ಏರು, ಬರುವಾಗ ಅರ್ಬಿಯಿಂದ ಮತ್ತೆ ಕೋಟೆಗೆ ಏರು. ಎರಡೂ ಸೇರಿ ಒಂದು ಸಾವಿರ ಮೀಟರ್ ಅಂತ ಧಾರಾಳವಾಗಿ ಹಿಡಿದರೆ ಇನ್ನೊಂದು ಗಂಟೆ ನಲವತ್ತು ನಿಮಿಷ. ಒಟ್ಟು ನಾಲ್ಕು ಗಂಟೆ ನಲವತ್ತು ನಿಮಿಷ.

ಇಷ್ಟೇನಾ ಅಂತ ಖುಷಿ ಪಡಬೇಡಿ. ನೈಸ್ಮಿತ್ ಅವರ ಲೆಕ್ಕ ಗಟ್ಟಿ ಕಾಲಿನವರಿಗೆ, ತಂಪು ದೇಶಕ್ಕೆ. ವಾರವಿಡೀ ಕುರ್ಚಿಯಲ್ಲಿ ಕೂತು, ವಾರಾಂತ್ಯಕ್ಕೆ ಬೆಟ್ಟಕ್ಕೆ ಬರುವ ನಮ್ಮಂಥವರು ಅದನ್ನು ಒಂದೂವರೆ ಪಟ್ಟು ಮಾಡಿಕೊಳ್ಳಬೇಕು. ಅಲ್ಲಿಗೆ ಏಳು ಗಂಟೆ. ತಿಂಡಿಗೆ, ನೀರಿನ ಹತ್ತಿರ ಕೂರುವುದಕ್ಕೆ, ಶೂ ಲೇಸ್ ಕಟ್ಟುವವರಿಗೆ ಕಾಯುವುದಕ್ಕೆ ಸೇರಿ ಎರಡು ಗಂಟೆ. ಒಂಬತ್ತು ಗಂಟೆ ಆಯಿತು. ಅಷ್ಟರ ಮೇಲೆ ಯಾರದ್ದಾದರೂ ಕಾಲು ಉಳುಕಿದರೆ ಅಂತ ಎರಡು ಗಂಟೆ ಕೈಯಲ್ಲಿ ಇರಬೇಕು.

ಐದೂವರೆಯಿಂದ ಹನ್ನೊಂದು ಗಂಟೆ ಹಿಂದಕ್ಕೆ ಹೋಗಿ. ಬೆಳಿಗ್ಗೆ ಆರೂವರೆ. ಅಂದರೆ ಸೂರ್ಯ ಹುಟ್ಟುವ ಹೊತ್ತಿಗೆ ಸರಿಯಾಗಿ ಕಾಲು ಎತ್ತಬೇಕು. ಒಂಬತ್ತಕ್ಕೆ ಹೊರಟವರಿಗೆ ಕತ್ತಲೆ ಗ್ಯಾರಂಟಿ ಅನ್ನುವುದು ಲೆಕ್ಕದಲ್ಲೇ ಬರೆದಿದೆ, ನಮ್ಮ ಗ್ರಹಚಾರದಲ್ಲಿ ಅಲ್ಲ.

ನಮ್ಮ ಈಗಿನ ವೇಳಾಪಟ್ಟಿ ಹೀಗೆ: ಆರೂವರೆಗೆ ಹೊರಟು ಎಂಟೂವರೆಯ ಸುಮಾರಿಗೆ ಕೋಟೆ, ಹನ್ನೊಂದರ ಹೊತ್ತಿಗೆ ಅರ್ಬಿ, ಹನ್ನೆರಡಕ್ಕೆ ಅಲ್ಲಿಂದ ಎದ್ದು ಎರಡೂವರೆಗೆ ಮತ್ತೆ ಕೋಟೆ, ನಾಲ್ಕರ ಒಳಗೆ ಕೆಳಗೆ. ಇದರಲ್ಲಿ ಅಲ್ಲಾಡದ ಗಂಟೆ ಒಂದೇ, ಹನ್ನೆರಡು. ಆ ಹೊತ್ತಿಗೆ ಎಲ್ಲೇ ಇರಿ, ಅರ್ಬಿ ಕಂಡಿರಲಿ ಕಾಣದಿರಲಿ, ನೀರಿನ ಸದ್ದು ಕಿವಿಗೆ ಬೀಳುತ್ತಿದ್ದರೂ ಸರಿ, ಮುಖ ತಿರುಗಿಸಿ ವಾಪಸ್. ಇದನ್ನು ಹಿಂದಿನ ರಾತ್ರಿಯೇ ಎಲ್ಲರ ಬಾಯಿಂದ ಹೇಳಿಸಿಕೊಳ್ಳಿ. ಅಲ್ಲಿ ಹೋಗಿ ಹೇಳಿದರೆ "ಇನ್ನೊಂದ್ ಹತ್ ನಿಮಿಷ" ಅನ್ನುವವರು ಒಬ್ಬರಾದರೂ ಇದ್ದೇ ಇರುತ್ತಾರೆ.

ಕಾಲಿಗೆ ಒಂದು ತಿಂಗಳು

ಜಿಮ್ ಬೇಕಾಗಿಲ್ಲ, ಮೆಟ್ಟಿಲು ಸಾಕು. ಹಾಸನದವರಿಗೆ ಶ್ರವಣಬೆಳಗೊಳದ ವಿಂಧ್ಯಗಿರಿ ಇದೆ, ಬಂಡೆಯಲ್ಲಿ ಕಡಿದ ಆರುನೂರು ಚಿಲ್ಲರೆ ಮೆಟ್ಟಿಲು. ವಾರಕ್ಕೊಂದು ಸಲ ಎರಡು ಸುತ್ತು ಹತ್ತಿ ಇಳಿಯಿರಿ. ಅಲ್ಲಿ ಬರಿಗಾಲಲ್ಲಿ ಹೋಗಬೇಕಾದ್ದರಿಂದ ಪಾದವೂ ಗಟ್ಟಿಯಾಗುತ್ತದೆ. ಚಿಕ್ಕಮಗಳೂರಿನವರಿಗೆ ಸರ್ಪದಾರಿಯಲ್ಲಿ ಮುಳ್ಳಯ್ಯನಗಿರಿ ಒಳ್ಳೆಯ ಪರೀಕ್ಷೆ. ನಾಡಿನ ಅತಿ ಎತ್ತರದ ಶಿಖರ, 1930 ಮೀಟರ್. ಚೀಲದಲ್ಲಿ ಐದು ಲೀಟರ್ ನೀರು ಹೊತ್ತು ಹತ್ತಿ, ಇಳಿದು, ಮಾರನೇ ದಿನ ಮಂಡಿ ಏನನ್ನುತ್ತದೆ ನೋಡಿ. ಸುಮ್ಮನಿದ್ದರೆ ಬಂಡಾಜೆಗೆ ನೀವು ತಯಾರು.

ಏರುವುದಕ್ಕಿಂತ ಇಳಿಯುವುದನ್ನು ಜಾಸ್ತಿ ಅಭ್ಯಾಸ ಮಾಡಿ. ಮಂಡಿ ಕೈಕೊಡುವುದು ಇಳಿಜಾರಿನಲ್ಲೇ.

ಇನ್ನು ನಮ್ಮ ಅಮ್ಮನಂಥವರ ವಿಷಯ ಬೇರೆ. ದೀಪಾವಳಿಗೆ ದೇವೀರಮ್ಮನ ಬೆಟ್ಟವನ್ನು ರಾತ್ರಿಯಲ್ಲಿ, ಜಾರುವ ಮಣ್ಣಿನಲ್ಲಿ, ಬರಿಗಾಲಲ್ಲಿ ಹತ್ತಿ ಬರುವ ಅವರಿಗೆ ನಾನು ತರಬೇತಿಯ ಮಾತು ಹೇಳಲು ಹೋಗುವುದಿಲ್ಲ.

ತಲುಪುವುದು

ಬೆಂಗಳೂರಿನಿಂದ ರಾತ್ರಿ ಹೊರಡುವ ಕಳಸ, ಹೊರನಾಡು ಬಸ್ಸುಗಳು ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಹೋಗುತ್ತವೆ. ಕೊಟ್ಟಿಗೆಹಾರದಿಂದ ಕಳಸದ ಕಡೆ ಹೋದರೆ ಸುಂಕಸಾಲೆ, ಅಲ್ಲಿಂದ ಒಳಕ್ಕೆ ದುರ್ಗದಹಳ್ಳಿ. ಚಾರಣ ಶುರುವಾಗುವುದು ಕಾಲಭೈರವೇಶ್ವರ ದೇವಸ್ಥಾನದ ಹತ್ತಿರ. ಆದರೆ ರಾತ್ರಿಯೆಲ್ಲ ಬಸ್ಸಿನಲ್ಲಿ ನಿದ್ದೆಗೆಟ್ಟು ನೇರ ಬೆಟ್ಟಕ್ಕೆ ಹೋಗಬೇಡಿ. ನಮ್ಮ ಗುಂಪಿನಲ್ಲಿ ಮಂಡಿ ಹಿಡಿದುಕೊಂಡದ್ದು ಹಾಗೆ ಬಂದವನದ್ದೇ. ಹಿಂದಿನ ದಿನ ಸಂಜೆಯೇ ಬಂದು ಸುಂಕಸಾಲೆ, ಕೊಟ್ಟಿಗೆಹಾರದ ಆಸುಪಾಸಿನ ಹೋಂಸ್ಟೇಯಲ್ಲಿ ಒಂಬತ್ತಕ್ಕೆ ಮಲಗಿ. ಬೆಳಿಗ್ಗೆಯ ಬುತ್ತಿಯನ್ನೂ ಅಲ್ಲೇ ಹೇಳಿಡಬಹುದು.

ತೋಟದ ರಸ್ತೆಯಲ್ಲಿ ಗೇಟಿಗೆ ಅಡ್ಡ ಗಾಡಿ ನಿಲ್ಲಿಸಬೇಡಿ. ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣು ಹೊತ್ತ ಟ್ರ್ಯಾಕ್ಟರ್ ಓಡಾಡಬೇಕು.

ಚೀಲದಲ್ಲಿ ಏನಿರಬೇಕು

ಒಬ್ಬೊಬ್ಬರಿಗೆ ಮೂರು ಲೀಟರ್ ನೀರು. ಭಾರ ಅಂತ ಎರಡಕ್ಕೆ ಇಳಿಸಬೇಡಿ, ಏಣಿನ ಮೇಲೆ ನೆರಳೂ ಇಲ್ಲ, ಬೋರ್‌ವೆಲ್ಲೂ ಇಲ್ಲ. ಓಆರ್‌ಎಸ್ ಪೊಟ್ಟಣ ಎರಡು. ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ತಲೆಗೆ ಕಟ್ಟುವ ಬ್ಯಾಟರಿ ಪ್ರತಿಯೊಬ್ಬರಿಗೂ ಒಂದೊಂದು. ಯಾಕೆ ಅಂತ ಮೇಲೆ ಹೇಳಿದ್ದೇನೆ. ಶಿಳ್ಳೆ ಒಂದು. ಮಂಜಿನಲ್ಲಿ ಕೂಗಿಗಿಂತ ಅದು ದೂರ ಕೇಳುತ್ತದೆ, ಗಂಟಲೂ ಉಳಿಯುತ್ತದೆ.

ಜೀನ್ಸ್ ಪ್ಯಾಂಟ್ ಬೇಡವೇ ಬೇಡ. ನೆನೆದರೆ ಕಲ್ಲಿನ ಭಾರ, ಸಂಜೆಯವರೆಗೂ ಒಣಗುವುದಿಲ್ಲ. ಶೂ ಹೊಸದಾಗಿದ್ದರೆ ಎರಡು ವಾರ ಮೊದಲೇ ಊರಲ್ಲಿ ಹಾಕಿಕೊಂಡು ಓಡಾಡಿ. ಏಣಿನ ಗಾಳಿಗೆ ಕೊಡೆ ನಿಲ್ಲುವುದಿಲ್ಲ, ರೇನ್‌ಕೋಟ್ ಬೇಕು. ಹಳಬರ ಕಂಬಳಿ ಕೊಪ್ಪೆಯೇ ನಿಜವಾಗಿ ಒಳ್ಳೆಯದು. ಮಳೆಗೂ ಆಯಿತು, ಚಳಿಗೂ ಆಯಿತು. ಆದರೆ ಈಗ ಅದನ್ನು ಹೊತ್ತು ಹೋಗುವ ಹೆಗಲು ಯಾರದ್ದಿದೆ?

ಊಟಕ್ಕೆ ಪುಳಿಯೋಗರೆ ಅಥವಾ ಚಪಾತಿ, ಚಟ್ನಿಪುಡಿ. ಅಕ್ಕಿ ರೊಟ್ಟಿ ಆಸೆಯಾದರೂ ಹನ್ನೊಂದು ಗಂಟೆಗೆ ಚರ್ಮದಂತಾಗುತ್ತದೆ. ಶೇಂಗಾ ಚಿಕ್ಕಿ, ಖರ್ಜೂರ, ಕಿತ್ತಳೆ ಜೇಬಲ್ಲಿರಲಿ. ಬಾಳೆ ಎಲೆಯಲ್ಲಿ ಕಟ್ಟಿಸಿಕೊಂಡರೆ ಕಸ ಕಡಿಮೆ. ಪ್ಲಾಸ್ಟಿಕ್ ಏನೇ ಒಯ್ದರೂ, ಕಿತ್ತಳೆ ಸಿಪ್ಪೆಯೂ ಸೇರಿ, ವಾಪಸ್ ನಿಮ್ಮ ಚೀಲದಲ್ಲೇ.

ನಕ್ಷೆಯನ್ನು ಆಫ್‌ಲೈನ್ ಮಾಡಿಕೊಂಡು ಹೋಗಿ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ ಓದಲು ಬಂದರೆ ಇನ್ನೂ ಒಳ್ಳೆಯದು. ಅದರಲ್ಲಿ ಒಂದು ಎತ್ತರ ಗೆರೆಗೂ ಇನ್ನೊಂದಕ್ಕೂ ನಡುವೆ 20 ಮೀಟರ್. ಗೆರೆಗಳು ಒತ್ತೊತ್ತಾಗಿ ಇರುವ ಕಡೆ ಉಸಿರು ಕಟ್ಟುತ್ತದೆ ಅಂತ ಅರ್ಥ. ಫೋನನ್ನು ಫ್ಲೈಟ್ ಮೋಡಿನಲ್ಲಿಡಿ, ಸಿಗ್ನಲ್ ಹುಡುಕಿಯೇ ಅದರ ಬ್ಯಾಟರಿ ಸಾಯುವುದು.

ಕೊನೆಯದಾಗಿ ಒಂದು ಕಾಗದ. ಅದರಲ್ಲಿ ಯಾರು ಯಾರು ಹೋಗುತ್ತಿದ್ದೀರಿ, ಯಾವ ದಾರಿ, ಗಾಡಿ ಎಲ್ಲಿದೆ, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ 112ಕ್ಕೆ ಕರೆ ಮಾಡಬೇಕು ಅಂತ ಬರೆದು ಮನೆಯಲ್ಲಿ ಒಬ್ಬರ ಕೈಗೆ ಕೊಡಿ. ವಾಟ್ಸಾಪ್ ಸಾಲದೇ ಅನ್ನಬೇಡಿ. ಫ್ರಿಜ್ ಬಾಗಿಲಿಗೆ ಅಂಟಿಸಿದ ಕಾಗದವನ್ನು ಎಲ್ಲರೂ ನೋಡುತ್ತಾರೆ.

ದಾರಿಯಲ್ಲಿ

ಮೊದಲ ಅರ್ಧ ಗಂಟೆ ತೋಟ, ಕಾಡು. ಮಾತಾಡಿಕೊಂಡು ನಡೆಯಿರಿ. ಆನೆ, ಕಾಟಿ (ಕಾಡುಕೋಣ) ಇರುವ ಸೀಮೆ ಇದು, ನಿಮ್ಮ ಬರವು ಅವಕ್ಕೆ ಮೊದಲೇ ಗೊತ್ತಾಗಲಿ. ಆವಿ ಆಡುವ ಲದ್ದಿ, ಹೊಸದಾಗಿ ಮುರಿದ ಬೈನೆ ಮರ ಕಂಡರೆ ನಿಂತು, ತೋಟದವರನ್ನು ಕೇಳಿ, ಬೇಕಾದರೆ ಒಂದು ಗಂಟೆ ಕಾಯಿರಿ. ಕತ್ತಲಿನಲ್ಲಿ ತೋಟದೊಳಗೆ ನಡೆಯಬೇಡಿ ಅನ್ನುವುದಕ್ಕೆ ದೊಡ್ಡ ಕಾರಣ ಇದೇ.

ಆಮೇಲೆ ಕೋಟೆಯ ಏರು. ಇಲ್ಲಿ ಓಡಬೇಡಿ. ಪಕ್ಕದವರೊಂದಿಗೆ ಒಂದು ವಾಕ್ಯ ಪೂರ್ತಿ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ಬಿಡಿ. ಹಿಂದೆ ಬಿಟ್ಟರೆ ಮುಂದಿನವರು ಕೂತು ಸುಧಾರಿಸಿಕೊಂಡು, ಇವರು ಬಂದ ಕೂಡಲೇ ಎದ್ದು ಹೊರಡುತ್ತಾರೆ. ಪಾಪ, ಸುಸ್ತಾದವರಿಗೇ ವಿಶ್ರಾಂತಿ ಸಿಗುವುದಿಲ್ಲ.

ಹೊಯ್ಸಳರ ಹೆಸರು ಹೊತ್ತ ಕೋಟೆ ಇದು, ಅವರ ಮೂಲದ ಊರು ಅಂಗಡಿ ಇರುವುದೂ ಇದೇ ಮೂಡಿಗೆರೆ ಸೀಮೆಯಲ್ಲೇ. ಈಗ ಉಳಿದಿರುವುದು ಹುಲ್ಲಿನ ನಡುವೆ ಕಲ್ಲಿನ ಗೋಡೆಗಳು. ಗೋಡೆ ಹತ್ತಿ ಫೋಟೊ ಬೇಡ, ಕಲ್ಲು ಸಡಿಲವಾಗಿದೆ. ತಿಂಡಿ ಇಲ್ಲೇ ತಿನ್ನಿ. ತಿನ್ನುವಾಗ ಒಮ್ಮೆ ಸುತ್ತ ನೋಡಿ. ಈ ದುರ್ಗದ ಸಾಲಿನಲ್ಲೇ ಹೇಮಾವತಿ ಹುಟ್ಟುವುದು, ಜಾವಳಿಯ ಹತ್ತಿರ. ನಿಮ್ಮ ಪೂರ್ವಕ್ಕೆ ಬಿದ್ದ ಮಳೆ ಗೊರೂರು ಅಣೆಕಟ್ಟೆಗೆ ಹೋಗಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಪಶ್ಚಿಮಕ್ಕೆ ಬಿದ್ದದ್ದು ಬಂಡಾಜೆಯಲ್ಲಿ ಧುಮುಕಿ, ನೇತ್ರಾವತಿ ಸೇರಿ ಮಂಗಳೂರಿನ ಕಡಲಿಗೆ. ಮಳೆಯ ಎರಡು ಹನಿಗಳ ಹಣೆಬರಹ ನೀವು ಕೂತ ಈ ಏಣಿನಲ್ಲೇ ಬೇರೆಯಾಗುತ್ತದೆ.

ಕೋಟೆಯಿಂದ ಮುಂದೆ ಹುಲ್ಲುಗಾವಲಿನ ಏಣು, ಅಲ್ಲಲ್ಲಿ ಶೋಲಾ, ಆಮೇಲೆ ಇಳಿಜಾರು. ಪ್ರತಿ ಕವಲಿನಲ್ಲೂ ನಿಂತು ಹಿಂದಕ್ಕೆ ತಿರುಗಿ ಒಂದು ಫೋಟೊ ತೆಗೆಯಿರಿ. ವಾಪಸ್ ಬರುವಾಗ ನಿಮ್ಮ ಕಣ್ಣಿಗೆ ಬೀಳುವುದು ಆ ನೋಟ, ಹೋಗುವಾಗ ಕಂಡದ್ದಲ್ಲ. ಇಳಿಯುವಾಗ ಪ್ರತಿ ಹೆಜ್ಜೆಗೂ ಒಂದು ಮಾತು ನೆನಪಿರಲಿ: ಇದನ್ನು ಮಧ್ಯಾಹ್ನ ಹತ್ತಬೇಕು. ಕಾಲು ಈಗಲೇ ನಡುಗುತ್ತಿದ್ದರೆ ಅಲ್ಲೇ ನಿಲ್ಲಿ. ಆ ಏಣಿನಿಂದ ಕಾಣುವ ಕಣಿವೆಯೇ ಬಂದದ್ದಕ್ಕೆ ಸಾಕು.

ನೀರಿನ ಹತ್ತಿರ

ಜಲಪಾತದ ನೆತ್ತಿಗಿಂತ ಅಪಾಯದ ಜಾಗ ಈ ದಾರಿಯಲ್ಲಿ ಇನ್ನೊಂದಿಲ್ಲ. ಅಲ್ಲಿನ ಬಂಡೆ ನೋಡಲು ಚಪ್ಪಟೆ, ಸುರಕ್ಷಿತ ಅನ್ನಿಸುತ್ತದೆ. ಕಪ್ಪಗೆ ಹೊಳೆಯುವ ಕಡೆಯೆಲ್ಲ ಪಾಚಿ. ಅದರ ಮೇಲೆ ಎಷ್ಟೇ ದುಬಾರಿ ಶೂ ಆದರೂ ಸೋಪಿನ ಮೇಲೆ ಕಾಲಿಟ್ಟಂತೆ. ನೀರು ಅಂಚಿನ ಕಡೆಗೆ ವಾಲಿರುತ್ತದೆ, ಬಂಡೆಯೂ ಅದೇ ಕಡೆ ವಾಲಿರುತ್ತದೆ. ಜಾರಿದರೆ ಹಿಡಿಯಲು ಏನೂ ಇಲ್ಲ. ನಮ್ಮ ನಿಯಮ ಸರಳ. ಅಂಚಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಒಣಗಿದ ಬಂಡೆ ಆರಿಸಿ ಅಲ್ಲೇ ಎಲ್ಲರೂ ಕೂರುವುದು. ಅಲ್ಲಿಂದ ಮುಂದೆ ಯಾರೂ ಹೋಗುವಂತಿಲ್ಲ, ಸೆಲ್ಫಿ ಕೋಲೂ ಹೋಗುವಂತಿಲ್ಲ.

ಸ್ನಾನ? ಅಂಚಿನ ಹತ್ತಿರದ ಗುಂಡಿಗಳಲ್ಲಿ ಬೇಡ. ಹಳ್ಳದ ಮೇಲ್ಭಾಗಕ್ಕೆ ಬಂದು, ತಳ ಕಾಣುವ, ಮಂಡಿ ಮುಳುಗದಷ್ಟು ನೀರಿನಲ್ಲಿ ಕಾಲು ಬಿಟ್ಟು ಕೂತರೆ ಸಾಕು. ರಭಸ ಇದ್ದರೆ ಮಂಡಿ ಮಟ್ಟದ ನೀರೂ ಗಟ್ಟಿ ಆಳನ್ನು ಕೆಡವುತ್ತದೆ. ಹಳ್ಳ ದಾಟಲೇಬೇಕಾದರೆ ಚೀಲದ ಸೊಂಟದ ಪಟ್ಟಿ ಬಿಚ್ಚಿಕೊಂಡು, ಕೋಲು ಊರಿ, ನೀರು ಬರುವ ಕಡೆ ಮುಖ ಮಾಡಿ ಅಡ್ಡಡ್ಡ ಹೆಜ್ಜೆ ಹಾಕಿ.

ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಮೇಲೆ ಎಲ್ಲೋ ಮಳೆ ಸುರಿದಿರಬಹುದು. ತಿಳಿ ನೀರು ಚಹಾ ಬಣ್ಣಕ್ಕೆ ತಿರುಗಿತೇ? ಎಲೆ, ಕಡ್ಡಿ ತೇಲಿ ಬರಲು ಶುರುವಾಯಿತೇ? ಸದ್ದು ದಪ್ಪವಾಯಿತೇ? ಒಂದು ಕಂಡರೂ ಚೀಲ ಬಿಟ್ಟಾದರೂ ಸರಿ, ಎತ್ತರಕ್ಕೆ ಹೋಗಿ. ಹಳ್ಳದ ಆಚೆ ದಡದಲ್ಲಿ ಸಿಕ್ಕಿಕೊಂಡರೆ ನೀರು ಇಳಿಯುವವರೆಗೆ ಕಾಯಿರಿ. ಹಸಿವಾದರೂ ಪರವಾಗಿಲ್ಲ.

ಇಂಬಳ, ಉಣುಗು, ಹಾವು

ಇಂಬಳದ, ಅಂದರೆ ಕಾಡಿನ ಜಿಗಣೆಯ, ಬಗ್ಗೆ ಪೇಟೆಯವರಿಗೆ ಭಯ ಜಾಸ್ತಿ, ಆದರೆ ಅದರಿಂದ ಆಗುವ ತೊಂದರೆ ಕಡಿಮೆ. ಪ್ಯಾಂಟನ್ನು ಕಾಲುಚೀಲದ ಒಳಗೆ ಸಿಕ್ಕಿಸಿ, ಕಾಲುಚೀಲಕ್ಕೆ ಹೊಗೆಸೊಪ್ಪಿನ ನೀರೋ ಉಪ್ಪಿನ ನೀರೋ ಹಚ್ಚಿ. ಕಚ್ಚಿದರೆ ಕಿತ್ತು ಎಳೆಯಬೇಡಿ, ಬೆಂಕಿ ತೋರಿಸಬೇಡಿ. ಉಗುರನ್ನು ಅದರ ಬಾಯಿಯ ಬುಡಕ್ಕೆ ತೂರಿಸಿ ಪಕ್ಕಕ್ಕೆ ಸರಿಸಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್ ಇರುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ. ಒತ್ತಿ ಹಿಡಿದು, ತೊಳೆದು, ಮುಂದೆ ನಡೆಯಿರಿ.

ಉಣುಗಿನ, ಅಂದರೆ ಉಣ್ಣೆಯ, ವಿಷಯ ಹಾಗಲ್ಲ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. 1957ರಲ್ಲಿ ಪಕ್ಕದ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು, ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲ್ಲೂಕುಗಳಲ್ಲೂ ಬಂದಿದೆ. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ. ಎಲೆರಾಶಿಯ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ಬಂದ ಮೇಲೆ ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು ಬಂದರೆ "ಕಾಡಿಗೆ ಹೋಗಿದ್ದೆ" ಅಂತ ವೈದ್ಯರಿಗೆ ಮೊದಲೇ ಹೇಳಿ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಗಡಿಯಾರ ಬಿಚ್ಚಿ. ಆ ಕೈಯನ್ನೋ ಕಾಲನ್ನೋ ಅಲ್ಲಾಡಿಸದೆ ಇಡಿ. 108ಕ್ಕೆ ಕರೆ ಮಾಡಿ, ಸಿಗ್ನಲ್ ಇಲ್ಲದಿದ್ದರೆ ಇಬ್ಬರು ಎತ್ತರದ ಜಾಗಕ್ಕೆ ಹೋಗಿ ಪ್ರಯತ್ನಿಸಿ. ಆದಷ್ಟೂ ನಡೆಸದೆ ಹೊತ್ತುಕೊಂಡು ಹೋಗಿ. ನಾಲ್ಕು ಜನಕ್ಕಿಂತ ಕಡಿಮೆ ಇದ್ದರೆ ಈ ದಾರಿಗೆ ಹೋಗಬೇಡಿ ಅನ್ನುವುದು ಇದಕ್ಕೇ. ಒಬ್ಬರನ್ನು ಹೊರಲು ಮೂರು ಜನವಾದರೂ ಬೇಕು.

ವಾಪಸ್ ಏರು

ಹನ್ನೆರಡಕ್ಕೆ ಎದ್ದಿದ್ದೀರಿ ಅಂದುಕೊಳ್ಳೋಣ. ಹೊರಡುವ ಮೊದಲು ಒಣ ಕಾಲುಚೀಲ ಹಾಕಿಕೊಳ್ಳಿ. ಈ ಒಂದು ಕೆಲಸಕ್ಕೆ ಐದು ನಿಮಿಷ, ಆದರೆ ಬೊಬ್ಬೆ ಏಳುವುದು ತಪ್ಪುತ್ತದೆ. ಹೊಟ್ಟೆ ತುಂಬ ಉಣ್ಣಬೇಡಿ. ಅರ್ಧ ಇಲ್ಲಿ, ಇನ್ನರ್ಧ ಕೋಟೆಯಲ್ಲಿ. ಮೂರು ಲೀಟರಿನಲ್ಲಿ ಒಂದೂವರೆಯಾದರೂ ಈ ಹೊತ್ತಿಗೆ ಉಳಿದಿರಬೇಕು.

ಏರಿನಲ್ಲಿ ನಲವತ್ತು ನಿಮಿಷ ನಡಿಗೆ, ಐದು ನಿಮಿಷ ನಿಲ್ಲುವುದು. ಕೂರಬೇಡಿ, ಕೂತರೆ ಏಳಲು ಮನಸ್ಸಾಗುವುದಿಲ್ಲ. ಯಾರಾದರೂ ಮಾತು ನಿಲ್ಲಿಸಿದರೆ, ತಲೆನೋವು ಅಂದರೆ, ಬೆವರು ನಿಂತರೆ ನೆರಳಿಗೆ ಕರೆದುಕೊಂಡು ಹೋಗಿ, ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿ, ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ಮಾತು ತೊದಲಿದರೆ, ಎಚ್ಚರ ತಪ್ಪುವಂತಾದರೆ ಬಾಯಿಗೆ ಏನೂ ಹಾಕಬೇಡಿ. ಮೈಯೆಲ್ಲ ಒದ್ದೆ ಮಾಡಿ ಗಾಳಿ ಬೀಸುತ್ತಾ ಸಹಾಯಕ್ಕೆ ಕರೆ ಮಾಡಿ.

ಕೆಳಗೆ ಬಂದ ಕೂಡಲೇ ಗೇಟಿನಲ್ಲಿ ವಾಪಸ್ ಬಂದಿದ್ದೀರಿ ಅಂತ ಬರೆಸಿ. ಶೂ ಬಿಚ್ಚಿ ಬೆರಳ ಸಂದಿಯ ಇಂಬಳ ಎಣಿಸಿ, ಕಂಕುಳ, ಮಂಡಿ ಹಿಂದೆ ಉಣುಗು ಇದೆಯಾ ನೋಡಿ. ಬಿಸಿನೀರು, ಬಟ್ಟೆ ಬದಲಾವಣೆ. ಹೊತ್ತಿದ್ದರೆ ಗಾಡಿ ಹೋಗುವಷ್ಟು ದೂರದಲ್ಲೇ ಇರುವ ರಾಣಿಝರಿ ವ್ಯೂಪಾಯಿಂಟಿನಲ್ಲಿ ಸೂರ್ಯ ಮುಳುಗುವುದನ್ನು ನೋಡಬಹುದು, ನಡೆಯುವ ಕೆಲಸ ಇಲ್ಲ. ಕೊಟ್ಟಿಗೆಹಾರಕ್ಕೆ ಬಂದರೆ ನೀರುದೋಸೆ ಸಿಗುತ್ತದೆ, ಸಿಗ್ನಲ್ಲೂ ಸಿಗುತ್ತದೆ. ದೋಸೆ ಬರುವುದರೊಳಗೆ ಮನೆಗೆ ಫೋನ್ ಮಾಡಿ ಫ್ರಿಜ್ ಮೇಲಿನ ಕಾಗದ ತೆಗೆಯಲು ಹೇಳಿ.